ನಾಲ್ಕನೆಯ ಹಾಳೆ

ಮಾರ್ಲಿಸ್ ಪಾವ್ಲಿಕ್ ಬಿಲಿಯರ್ಡ್ಸ್‌ನಂಥ ಪೂಲ್ ಆಟದ ತನ್ನ ಕೋಲನ್ನು ಕಾರಿನ ಚಾವಣಿಯ ಮೇಲಿಟ್ಟು, ಮರೆತು ಹೊರಟಿದ್ದಳು. ತಿರುವಿನಲ್ಲಿ ಅದು ಜಾರಿ ಬಿತ್ತು. ಹಿಂದೆ ಬರುತ್ತಿದ್ದ ಹಾಲಿನ ಲಾರಿ ಅದರ ಮೇಲೆ ಹಾದುಹೋಯಿತು.

“ಹಾಲಿನ ಲಾರಿ ಕಣಯ್ಯಾ ಕ್ಲೀಟಸ್,” ಎಂದು ಅವಳು ತುಂಡುಗಳನ್ನು ಮೇಜಿನ ಮೇಲೆ ಸುರಿದಳು. “ಬಿಯರ್ ಲಾರಿ ಆಗಿದ್ರೆ ಕ್ಷಮಿಸಿಬಿಡ್ತಿದ್ದೆ.”

ಮುಂದಿನ ತೆಳು ಅರ್ಧ ಉಳಿದಿತ್ತು. ಹಿಡಿಯ ಮೇಲಿನ ಭಾಗ ಉದ್ದಕ್ಕೂ ಸೀಳಿತ್ತು.

ಮಿಲ್ವಾಕಿ ನಗರದ ಉತ್ತರಕ್ಕಿದ್ದ ಆ ಶೆಡ್ಡಿನಲ್ಲಿ ಕ್ಲೀಟಸ್ ನಲವತ್ತೈದು ವರ್ಷಗಳಿಂದ ಕೋಲು ಮಾಡುತ್ತಿದ್ದ. ಹೈಡಿ ಕೆಲಸ ಕಲಿಯಲು ಅವನ ಜೊತೆ ಸೇರಿ ಮೂರು ವರ್ಷವಾಗಿತ್ತು. ಸೀಳಿದ ತುಂಡನ್ನು ಅವನು ಅವಳ ಕೈಗಿತ್ತ.

“ಇದು ಪೂರ್ತಿ ನಿನ್ನ ಕೆಲಸ, ಮಗಳೇ. ಇವಳ ಕೋಲು ಮಾಡಿದ ಹಲಗೇಲಿ ಒಂದು ತುಂಡು ಉಳಿದಿದೆ. ಒಂದೇ ಒಂದು. ಕರಿಮರದ ಮೊನೆಗಳು ಕೂರೋಕೆ ಅದ್ರಲ್ಲಿ ಆಗಲೇ ತೋಡು ಕೊಯ್ದಿಟ್ಟಿದೀನಿ. ಅಂಟು ಕೂತ್ಮೇಲೆ ಬಿಚ್ಚೋಕಾಗಲ್ಲ, ನೆನಪಿಟ್ಕೋ.”

“ಹೊಸ ಕೋಲು ಬೇಡ ನಂಗೆ. ಹಳೇದೇ ಬೇಕು. ಬೇರೆ ಥರ ಇದ್ರೆ ನಾನು ಈ ಸಲ ಲೀಗ್ ಆಡಲ್ಲ,” ಎಂದಳು ಮಾರ್ಲಿಸ್. ಅವಳಿಗೆ ಅರವತ್ತೆಂಟು. ನಲವತ್ತು ವರ್ಷ ಅವಳು ಬೇರೆ ಕೋಲು ಮುಟ್ಟಿರಲಿಲ್ಲ.

ಹೈಡಿ ಸೀಳಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಪಲ್ ಮರದ ತಿಳಿ ಮೈಯಲ್ಲಿ ಕರಿಯ ಎಬೊನಿ ಮರದ ನಾಲ್ಕು ಉದ್ದ ಮೊನೆಗಳು. ಪ್ರತಿ ಮೊನೆಯ ಅಂಚಿಗೂ ಬಣ್ಣ ಹಾಕಿದ ಮರದ, ಉಗುರಿನಷ್ಟು ತೆಳುವಾದ ನಾಲ್ಕು ವೆನೀರ್ ಹಾಳೆಗಳ ಗೆರೆ. ಬಿಳಿ, ಕಿತ್ತಳೆ, ಕಪ್ಪು. ಕೊನೆಯದು, ಎಲ್ಲಕ್ಕಿಂತ ಹೊರಗಿನದು, ಜೇನಿನ ಬಣ್ಣ.

ಕ್ಲೀಟಸ್ ಆ ಕೋಲಿನ ವಿವರ ಬರೆದಿಟ್ಟಿದ್ದ ತನ್ನ ಹಳೆಯ ಕಾರ್ಡು ತೆಗೆದು ಓದಿದ. “ಬಿಳಿ, ಕಿತ್ತಳೆ, ಕಪ್ಪು, ಹಸಿರು.”

“ಹಸಿರಾ? ಯಾರ ಕೋಲಿನ ಕಾರ್ಡು ಓದ್ತಿದೀಯ?” ಎಂದಳು ಮಾರ್ಲಿಸ್.

ಹೈಡಿಗೆ ಕುತೂಹಲ ತಡೆಯಲಿಲ್ಲ. ಹಿಡಿಗೆ ಸುತ್ತಿದ್ದ ಲಿನನ್ ದಾರದ ತುದಿ ಕತ್ತರಿಸಿ ನಾಲ್ಕಾರು ಸುತ್ತು ಬಿಚ್ಚಿದಳು. ದಾರದಡಿ ಬೆಳಕೇ ಕಾಣದ ಅರ್ಧ ಅಂಗುಲ ಮರವಿತ್ತು. ಅಲ್ಲಿ ಆ ಗೆರೆ ಹುಲ್ಲಿನಷ್ಟು ಹಸಿರಾಗಿತ್ತು.

ಮೂವರೂ ಬಗ್ಗಿ ನೋಡಿದರು.

“ಅಯ್ಯೋ ಪಾಪಿ,” ಎಂದಳು ಮಾರ್ಲಿಸ್. “ಈಗ ನೆನಪಾಯ್ತು. ನಾನು ನೀಲಿ ಕೇಳಿದ್ದೆ! ನೀನು ಹಸಿರು ಹಾಕಿ ಕೊಟ್ಟೆ. ಒಂದು ತಿಂಗಳು ನಿನ್ನ ಮುಖ ನೋಡಿರಲಿಲ್ಲ ನಾನು.”

“ನೀಲಿ ಖಾಲಿಯಾಗಿತ್ತು.”

“ಹೇಳ್ಬೇಕಿತ್ತು ತಾನೆ?”

“ಹೇಳಿದ್ರೆ ನೀನು ತಗೋತಿದ್ಯಾ?”

ಹೈಡಿ ಇಬ್ಬರನ್ನೂ ನೋಡಿದಳು. ಕೇಳಿದ್ದು ನೀಲಿ, ಮಾಡಿದ್ದು ಹಸಿರು, ಆಡಿದ್ದು ಜೇನು. ಇದರಲ್ಲಿ ಹಳೆಯದು ಯಾವುದು?

“ಕಾರ್ಡಲ್ಲಿ ಇದ್ದದ್ದು ಹಾಕು, ಬೆಳಕಿಗೆ ತಾನೇ ಮಾಗುತ್ತೆ,” ಎಂದ ಕ್ಲೀಟಸ್.

“ಮಾಗೋ ಹೊತ್ತಿಗೆ ನಂಗೆ ನೂರೆಂಟು ವರ್ಷ ಆಗಿರುತ್ತೆ ಮಾರಾಯ.”

ಹೈಡಿ ಗೋಡೆಗೆ ಒರಗಿಸಿದ್ದ ಒಂದು ಕೋಲನ್ನು ಮಾರ್ಲಿಸ್‌ಗೆ ಕೊಟ್ಟಳು. “ಹೊಡೆಯೋ ಥರ ಬಗ್ಗಿ. ಈಗ ನಿಮ್ಮ ಕಣ್ಣಿಗೆ ಏನು ಬೀಳುತ್ತೆ?”

“ಚೆಂಡು.”

“ಚೆಂಡಿಗಿಂತ ಮುಂಚೆ?”

ಮಾರ್ಲಿಸ್ ಗಲ್ಲವನ್ನು ಕೋಲಿಗೆ ತಾಗಿಸಿ ಅದರುದ್ದಕ್ಕೂ ನೋಡಿದಳು. ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. “ಕಪ್ಪು ಗೆರೆ,” ಎಂದಳು. “ನನ್ನ ಕೋಲಲ್ಲಿ, ಮೊನೆ ಅಂಚಲ್ಲಿ ಒಂದು ಸಣ್ಣ ಕಪ್ಪು ಗೆರೆ ಇರುತ್ತೆ. ಅದನ್ನ ಹಿಡ್ಕೊಂಡೇ ಕಣ್ಣು ಮುಂದೆ ಹೋಗುತ್ತೆ. ಈ ಕೋಲಲ್ಲಿ ಅದಿಲ್ಲ. ಕುರುಡಿ ಥರ ಆಗ್ತಿದೆ.”

ಹೈಡಿಗೆ ವಿಷಯ ಹೊಳೆಯಿತು. ಜೇನಿನ ಗೆರೆ ಮೇಪಲ್ಲಿನಲ್ಲಿ ಕರಗಿಹೋಗಿ, ಕಪ್ಪೇ ಅಂಚಾಗಿ ಉಳಿದಿತ್ತು. ಹೊಸ ಹಸಿರು ಪಕ್ಕಕ್ಕೆ ಬಂದರೆ ಆ ಅಂಚು ಎರಡರಷ್ಟು ದಪ್ಪವಾಗಿ ಕಾಣುತ್ತದೆ. ನಾಲ್ಕನೆಯ ಹಾಳೆ ಬಿಟ್ಟೇಬಿಡೋಣವೆಂದರೆ ತೋಡು ಕೊಯ್ದದ್ದು ನಾಲ್ಕು ಹಾಳೆಗಳ ದಪ್ಪಕ್ಕೆ.

ಮಾರ್ಲಿಸ್ ಹೋದ ಮೇಲೆ ಹೈಡಿ ವೆನೀರ್ ಕಟ್ಟುಗಳ ಮುಂದೆ ನಿಂತಳು. ಕಿಟಕಿಯ ಪಕ್ಕದ ಕಪಾಟಿನಲ್ಲಿ ಬಣ್ಣಕ್ಕೊಂದು ಕಟ್ಟು. ಪ್ರತಿ ಕಟ್ಟಿನ ಮೇಲಿನ ಹಾಳೆ ಬಿಸಿಲಿಗೆ ಬಲಿ. ಕೆಳಗಿನವು ಮಾಸದಿರಲೆಂದು ಅದನ್ನು ಯಾರೂ ತೆಗೆಯುತ್ತಿರಲಿಲ್ಲ. ಹಸಿರು ಕಟ್ಟಿನ ಮೇಲಿನ ಹಾಳೆ ಅಪ್ಪಟ ಜೇನಿನ ಬಣ್ಣಕ್ಕೆ ತಿರುಗಿತ್ತು.

“ಸಿಕ್ತು!” ಎಂದು ಅವಳು ಅದನ್ನು ಎತ್ತಿ ತೋರಿಸಿದಳು. “ಅದೇ ಹಾಳೆ, ಅದೇ ಬಿಸಿಲು.” ಅಂಟಿನ ಡಬ್ಬಿಗೂ ಕೈ ಹಾಕಿದಳು.

ಕ್ಲೀಟಸ್ ತಡೆಯಲಿಲ್ಲ. “ಮೊದಲು ಒಂದು ಪಟ್ಟಿ ಕೊಯ್ದು ಪಕ್ಕದಿಂದ ನೋಡು,” ಎಂದನಷ್ಟೆ.

ಅವಳು ಕೊಯ್ದಳು. ಕೊಯ್ದ ಅಂಚು ಹಸಿರಾಗಿತ್ತು. ಬಿಸಿಲು ಚರ್ಮವನ್ನಷ್ಟೇ ಸುಟ್ಟಿತ್ತು. ಒಳಗೆ ಹೊಸದರ ಹಾಗೇ ಇತ್ತು. ಕೋಲಿನ ಮೇಲೆ ಕಾಣುವುದು ಹಾಳೆಯ ಮುಖವಲ್ಲ, ಅಂಚು. ಮೂರು ವರ್ಷದಿಂದ ದಿನವೂ ಮಾಡುತ್ತಿದ್ದ ಕೆಲಸ. ಅವಳಿಗೆ ನಾಚಿಕೆಯಾಯಿತು.

“ನಾನೂ ಒಂದ್ಸಲ ಹಾಗೇ ಮಾಡಿದೀನಿ,” ಎಂದ ಕ್ಲೀಟಸ್. “ಕೊಯ್ದು ನೋಡದೆ.”

ಆಮೇಲೆ ಅವಳು ಬಣ್ಣ ಹಾಕದ ಮರಗಳ ಅಂಚುಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಒಣಗಿದ್ದಾಗ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದರೆ ಮಾತ್ರ ವಾರ್ನಿಷ್ ಬಿದ್ದ ಮೇಲಿನ ನಿಜ ಬಣ್ಣ ಏಳುತ್ತಿತ್ತು. ಚೆರ್ರಿ ಕೆಂಪಗಾಯಿತು. ವಾಲ್ನಟ್ ಕತ್ತಲಾಯಿತು. ಓಕ್ ಗೆರೆಗೆರೆಯಾಗಿ ಎದ್ದಿತು. ಸಂಜೆಯ ಹೊತ್ತಿಗೆ ನಾಲಗೆ ಮರದ ಪುಡಿಯಿಂದ ಕಹಿಯಾಗಿತ್ತು. ಬರ್ಚ್ ಒಂದೇ ಒದ್ದೆಯಾದಾಗ ಸುಮ್ಮನೆ ಬೆಚ್ಚಗಾಗಿ, ಮೇಪಲ್ ಪಕ್ಕ ಹೋಗಿ ನಿಂತಿತು. ಬೇರೆ ಎಂದು ತಿಳಿಯುತ್ತಿತ್ತು, ಹುಡುಕಿದರೆ.

ಮರುದಿನ ಬೆಳಿಗ್ಗೆ ಬಿಳಿ, ಕಿತ್ತಳೆ, ಕಪ್ಪು, ಬರ್ಚ್ ಹೀಗೆ ನಾಲ್ಕು ಹಾಳೆಗಳಿಗೂ ನೀರು ಬೆರೆಯದ ಅಂಟು ಬಳಿದಳು. ನೀರಿನ ಅಂಟಾದರೆ ಕಿತ್ತಳೆ ಬಿಳಿಗೆ ಹರಿದುಬಿಡುತ್ತದೆ. ಹಾಳೆಗಳನ್ನು ಒಂದರ ಮೇಲೊಂದು ಒತ್ತಿ ಬಿಗಿದು, ಗಟ್ಟಿಯಾದ ಮೇಲೆ ಪಟ್ಟಿಗಳಾಗಿ ಓರೆಗೆ ಕೊಯ್ದು, ತೋಡುಗಳ ಎರಡೂ ಗೋಡೆಗೆ ಕೂರಿಸಿ, ಮೇಲೆ ಎಬೊನಿ ಇಟ್ಟು ದಾರದಿಂದ ಸುತ್ತಿದಳು. ಕ್ಲೀಟಸ್ ನೋಡಲು ಬರಲಿಲ್ಲ. ಆಚೆ ಕೂತು ರೇಡಿಯೊದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದ.

ಕೆಲವು ದಿನಗಳ ಮೇಲೆ ಮಾರ್ಲಿಸ್ ಬಂದಾಗ ಕೋಲು ಮರ ಕಡೆಯುವ ಲೇತಿನಿಂದ ಇಳಿದು ಒಂದು ಕೈ ವಾರ್ನಿಷ್ ಕುಡಿದಿತ್ತು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇದು ಆ ಬಣ್ಣ ಅಲ್ಲ.”

“ಅಲ್ಲ,” ಎಂದಳು ಹೈಡಿ. “ಬೇರೆ ಮರ.”

“ಹೂಂ.”

ಮಾರ್ಲಿಸ್ ಮೂಲೆಯಲ್ಲಿದ್ದ ಪೂಲ್ ಮೇಜಿನ ಮೇಲೆ ಒಂದು ಚೆಂಡಿಟ್ಟಳು. ಬಗ್ಗಿದಳು. ಗಲ್ಲ ಮರಕ್ಕೆ ತಾಗಿತು. ಹೈಡಿ ಅವಳ ಕಣ್ಣನ್ನೇ ನೋಡುತ್ತಿದ್ದಳು. ಅದು ಒಂದು ಕ್ಷಣ ಮೊನೆಯ ಅಂಚಿನ ಕಪ್ಪು ಗೆರೆಯಲ್ಲಿ ನಿಂತಿತು, ಅಳೆಯುವ ಹಾಗೆ. ಆಮೇಲೆ ಅಲ್ಲಿಂದ ಕಳಚಿಕೊಂಡು ಮುಂದೆ, ಚೆಂಡಿನ ಕಡೆಗೆ ಹೋಯಿತು. ಮತ್ತೆ ಕೋಲಿನ ಕಡೆ ತಿರುಗಲಿಲ್ಲ.