ಹೆಸರು ಹೇಳಿ ಒಳಗ ಬಾ

"ನಿಮ್ಮ ಜೋಡಿದಾರರು ಎಲ್ಲಿ?" ಎಂದು ಪ್ರೊಫೆಸರ್ ಸಾಬಣ್ಣ ಕೇಳಿದಾಗ ಸರೋಜಾ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು.

"ಸಗರದಿಂದ ಬರಾಕತ್ತಾರ್ರಿ ಸರ್. ಬಸ್ಸು ಲೇಟ್ ಆಗೇದ."

ಮೇ ತಿಂಗಳಲ್ಲಿ ಸುರಪುರದ ಕಾಲೇಜೊಂದರಲ್ಲಿ ಕಲೆ ಮತ್ತು ಮಾನವಿಕ ವಿಷಯಗಳ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಬೇಸಿಗೆ ಶಾಲೆ. ಕಾರ್ಯಾಗಾರ ನಡೆಸಬಯಸುವವರು ಇಬ್ಬಿಬ್ಬರಾಗಿ ಬಂದು ತಮ್ಮ ಯೋಜನೆ ಒಪ್ಪಿಸಬೇಕು. ಉಳಿದಿದ್ದದ್ದು ಒಂದೇ ಜಾಗ, ಸರೋಜಾಳಿಗೆ ಅದು ಬೇಕೇ ಬೇಕಿತ್ತು. ಇಷ್ಟು ವರ್ಷ ಬೇರೆಯವರ ಕಾರ್ಯಾಗಾರಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿ ಅವಳಿಗೆ ಸಾಕಾಗಿ ಹೋಗಿತ್ತು.

'ಹೆಸರು ಮತ್ತು ಅಧಿಕಾರ' ಎಂಬುದು ಅವಳ ವಿಷಯ. ಅದರ ಸೈದ್ಧಾಂತಿಕ ಹಿನ್ನೆಲೆಯನ್ನು ಅವಳು ಓದಿದ್ದೇ ಓದಿದ್ದು. ಸಾಬಣ್ಣನವರು ಆಕಳಿಕೆಯನ್ನು ಕರವಸ್ತ್ರದಲ್ಲಿ ಬಚ್ಚಿಟ್ಟರು. "ಇಂಥಾವು ಮುಂಜಾನಿಂದ ಭಾಳ ಕೇಳೀವಮ್ಮ. ಬ್ಯಾಸಗಿ ದಿನ, ಹುಡುಗರು ಮಲಗಿಬಿಡತಾರ. ಇರಲಿ, ಜೋಡಿದಾರರ ಹೆಸರೇನು?"

ಸರೋಜಾ ಬಾಯಿ ತೆರೆದಳು, ಮುಚ್ಚಿದಳು.

ಜೋಡಿದಾರ ಅಂಬರೀಶ ಇತಿಹಾಸದ ಸಂಶೋಧಕ, ಅವಳ ಗಂಡ. ಮದುವೆಗೆ ಮುಂಚೆ ಗ್ರಂಥಾಲಯದಲ್ಲೇ "ಏ ಅಂಬ್ಯಾ" ಎಂದು ಕೂಗುತ್ತಿದ್ದವಳು ಇವಳೇ. ಆಮೇಲೆ ಅತ್ತೆ ಅಂಬವ್ವ, "ಗಂಡನ ಹೆಸರ ಹಿಡದ್ರ ಆಯುಷ್ಯ ಕಡಿಮಿ ಆಗತೈತವ್ವ" ಎಂದಿದ್ದಳು. ಸರೋಜಾ ನಕ್ಕಿದ್ದಳು. ಆದರೆ ನಾಲಿಗೆ ಆವತ್ತಿನಿಂದ ಸೊಸೆಯಾಗಿಬಿಟ್ಟಿತ್ತು. ಅದರಲ್ಲೂ ಇವತ್ತು ಅವನಿನ್ನೂ ದಾರಿಯಲ್ಲಿದ್ದಾನೆ, ಫೋನೂ ಹತ್ತುತ್ತಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಅವರು... ನಮ್ಮ ಮನಿಯವರ್ರಿ."

"ಮನಿಯವರಿಗೆ ಹೆಸರಿಲ್ಲೇನು?"

ಸಾಬಣ್ಣನವರ ಪಕ್ಕದಲ್ಲಿದ್ದ ಉರ್ದು ವಿಭಾಗದ ಕುಬ್ರಾಬೇಗಂ ಮೇಡಂ ತುಟಿಯಲ್ಲೇ ನಕ್ಕರು. "ಸಾಬಣ್ಣನವರ, ಹಂಗ ಕೇಳಿದ್ರ ಹೆಂಗ ಹೇಳ್ಯಾಳು? ಒಡಪಿನ್ಯಾಗ ಹೇಳಬೇ ಸರೋಜಾ."

ಸರೋಜಾಳ ಮುಖ ಕೆಂಪಾಯಿತು. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರನ್ನು ಪ್ರಾಸದ ಒಡಪು ಕಟ್ಟಿ ಹೇಳಿಸಿಯೇ ಒಳಗೆ ಬಿಡುವುದು ಅವಳ ಕಡೆಯ ರೂಢಿ. ಇಲ್ಲಿ ಹೊಸ್ತಿಲಿಲ್ಲ, ಉದ್ದನೆಯ ಮೇಜಿದೆ. ಆದರೇನು, ಅವಕಾಶವಂತೂ ಕೈಜಾರುತ್ತಿದೆ. ಅವಳು ಎದ್ದು ನಿಂತಳು.

"ಸಗರದ ದಾರ್ಯಾಗ ಬಸ್ಸಿಗಿ ಅಡ್ಡ ಬಂದಾವ ಕುರಿ,
ಅಂಬರೀಶರ ಹೆಸರ ಹೇಳೀನಿ, ನಮಗೊಂದ್ ಚಾನ್ಸ ಕೊಡ್ರಿ!"

ಕುಬ್ರಾಬೇಗಂ ಮೇಜು ಗುದ್ದಿ "ವಾಹ್!" ಎಂದರು. ಸಾಬಣ್ಣನವರ ನಿದ್ದೆ ಹಾರಿಹೋಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು.

ಸರೋಜಾ ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟಳು. "ಇದನ್ನೇ ಮಾಡಸ್ತೀನ್ರಿ ಸರ್. ಬಾಗಲದಾಗ ನಾ ಅಡ್ಡ ನಿಂದರತೀನಿ. ಪ್ರತಿಯೊಬ್ಬರೂ ತಮ್ಮ ಸಂಶೋಧನಾ ಏನಂತ ಒಂದ್ ಒಡಪಿನ್ಯಾಗ ಹೇಳೇ ಒಳಗ ಬರಬೇಕು. ಆಮ್ಯಾಲ ಕುಂತು ಮಾತಾಡೂಣು, ಯಾರ ಹೆಸರು ಯಾರ ಬಾಯಾಗ ಬರೂದಿಲ್ಲ, ಯಾಕ ಬರೂದಿಲ್ಲ ಅಂತ."

"ಗಂಡಸರೂ ಹೇಳಬೇಕೇನು?" ಎಂದರು ಸಾಬಣ್ಣನವರು.

"ಮೊದಲ ಅವರೇ ಹೇಳಬೇಕ್ರಿ."

ಅಷ್ಟರಲ್ಲಿ ಮೈಯೆಲ್ಲ ಧೂಳು ಮಾಡಿಕೊಂಡ ಅಂಬರೀಶ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡ. ಸರೋಜಾಳ ಎದೆ ಹಗುರಾಯಿತು. ಬಂದನಲ್ಲ, ಅಷ್ಟೇ ಸಾಕು. ಅವನು ಒಳಗೆ ಕಾಲಿಡುವ ಮೊದಲೇ ಸಾಬಣ್ಣನವರು ಧಡಕ್ಕನೆ ಎದ್ದು ಹೋಗಿ ಬಾಗಿಲಿಗೆ ಅಡ್ಡ ಕೈ ಚಾಚಿದರು.

"ಹೆಂಡ್ತಿ ಹೆಸರ ಹೇಳಿ ಒಳಗ ಬಾ."

"ಸರೋಜಾ," ಎಂದ ಅಂಬರೀಶ ಥಟ್ಟನೆ. ಅದರಲ್ಲೇನಿದೆ ಎಂಬಂತೆ.

"ಹಂಗಲ್ಲೋ ತಮ್ಮಾ. ಒಡಪಿನ್ಯಾಗ."

ಅಂಬರೀಶ ಬಾಯಿ ತೆರೆದ, ಮುಚ್ಚಿದ. ಬೆವರು ಒರೆಸಿಕೊಂಡು ಹೆಂಡತಿಯ ಕಡೆ ನೋಡಿದ. ಅವಳ ನಾಲಿಗೆಯ ತುದಿಯಲ್ಲಿ ಪ್ರಾಸ ಸಿದ್ಧವಾಗಿತ್ತು. ಆದರೂ ತುಟಿ ಬಿಚ್ಚದೆ, ಕುರ್ಚಿಗೆ ಒರಗಿ, ಕುಬ್ರಾಬೇಗಂ ಬಗ್ಗಿಸಿಕೊಟ್ಟ ಚಹಾ ಕುಡಿಯತೊಡಗಿದಳು.