ಲಿಫ್ಟಣ್ಣನ ಹಟ

"ತಲೆ ಕಡೆ ಎತ್ತಿ... ಎತ್ತಿ ಅಂದ್ರೆ ಎತ್ತಬೇಕು! ಕಾಲ ಕಡೆಯವರು ಒಂದು ಮೆಟ್ಟಿಲು ಇಳೀರಿ. ಗೋಡೆ, ಗೋಡೆ ನೋಡ್ಕೊಳ್ಳಿ!"

ಚಿಕ್ಕಪ್ಪ ಮೆಟ್ಟಿಲ ತಿರುವಿನಲ್ಲಿ ನಿಂತು ಕೂಗುತ್ತಿದ್ದ. ನಾಲ್ಕನೇ ಮಹಡಿಯಿಂದ ಹೆಣ ಇಳಿಸುವುದೆಂದರೆ ಹುಡುಗಾಟವಲ್ಲ. ಕಟ್ಟಡದ ಲಿಫ್ಟು ತೀರಾ ಇಕ್ಕಟ್ಟು. ನಿಂತವರನ್ನು ಒಯ್ಯುತ್ತದೆಯೇ ಹೊರತು ಮಲಗಿದವರನ್ನಲ್ಲ. ಹೊತ್ತವರಲ್ಲಿ ಒಬ್ಬನಾದ ಕೆಳಮನೆಯ ಬಡಗಿ ಏದುಸಿರು ಬಿಡುತ್ತ, "ಜೀವಮಾನವಿಡೀ ಊರಿಗೆಲ್ಲ ಲಿಫ್ಟು ಓಡಿಸಿದೋರಿಗೆ ಕೊನೆಗೆ ಮೆಟ್ಟಿಲೇ ಗತಿ ಆಯ್ತಲ್ಲಪ್ಪ" ಎಂದ. ಹಿಂದಿನಿಂದ ಯಾರೋ ನಕ್ಕು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು.

ಮಗಳು ಕೊನೆಯಲ್ಲಿ ಇಳಿಯುತ್ತಿದ್ದಳು. ವಾರ್ಡಿನಲ್ಲಿ ಯಾರೋ ಅಪ್ಪನ ಗಡ್ಡ ಬೋಳಿಸಿದ್ದರು. ಎಡಗೆನ್ನೆ ನುಣುಪಾಗಿತ್ತು, ಬಲಗೆನ್ನೆಯ ಕೆಳಗೆ ಬಿಳಿ ಕೂದಲು ಉಳಿದಿತ್ತು. ಅದೊಂದನ್ನೇ ನೋಡುತ್ತ ಇಳಿದಳು. ಎರಡನೇ ಮಹಡಿಯ ಬಾಗಿಲಲ್ಲಿ ನಿಂತ ಹೆಂಗಸರ ಪಿಸುಮಾತು ಅವಳ ಕಿವಿಗೆ ಬಿತ್ತು.

"ಒಂದು ಹನಿ ಕಣ್ಣೀರಿಲ್ಲ ನೋಡು."

"ಪಾಪ, ಕಲ್ಲಾಗಿದ್ದಾಳೆ ಕಣೆ."

ಎರಡೂ ನಿಜವೇ ಎನಿಸಿತು ಅವಳಿಗೆ. ಅಮ್ಮ ಹೋದಂದಿನಿಂದ ಅಪ್ಪ ಮಗಳ ನಡುವೆ ಉಳಿದಿದ್ದು "ಊಟ ಆಯ್ತಾ", "ಹ್ಞೂಂ", "ಬಾಗಿಲು ಹಾಕ್ಕೋ" ಇಷ್ಟೇ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರಂತೆ ಇದ್ದರು. ಹೋದ ವಾರ ಅಪ್ಪನಿಗೆ ಎದೆನೋವು ಬಂದಾಗ, "ನಮ್ಮಲ್ಲಿಗೆ ಬಾ, ಸಿಬ್ಬಂದಿಯ ಮನೆಯವರಿಗೆ ರಿಯಾಯಿತಿ ಇದೆ" ಎಂದು ಅವಳು ಕರೆದಿದ್ದಳು. ಅಪ್ಪ ಬೇಡವೆಂದು ತಲೆಯಾಡಿಸಿ ತನ್ನ ಹಳೆಯ ಆಸ್ಪತ್ರೆಗೇ ಹೋಗಿದ್ದ. ಸಾಯುವಾಗಲೂ ಹಟ ಬಿಡಲಿಲ್ಲವಲ್ಲ ಎಂಬ ಸಿಟ್ಟು ಅವಳಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು.

* * *

ಅಪ್ಪ ಸರಕಾರಿ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟು ನಡೆಸುವವನು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಗುಂಡಿ ಒತ್ತುತ್ತ, ರಾಜಕೀಯ ಮಾತಾಡುವುದು ಅವನ ಚಾಳಿ. ನೆಲಮಹಡಿಯಲ್ಲಿ ಎತ್ತಿದ ಮಾತು ಹೆರಿಗೆ ವಾರ್ಡು ಬರುವಷ್ಟರಲ್ಲಿ ಮುಗಿಯಬೇಕು; ಹೀಗಾಗಿ ಅವನ ಅಭಿಪ್ರಾಯಗಳೆಲ್ಲ ಚುಟುಕು, ಖಾರ.

"ವೋಟು ಕೇಳೋವಾಗ ಕೈ ಮುಗೀತಾರೆ, ಗೆದ್ದ ಮೇಲೆ ಕೈ ಕೊಡ್ತಾರೆ."

"ಹಳೇ ಸರಕಾರ ಔಷಧಿ ಕದೀತು. ಹೊಸದು ಕಪಾಟನ್ನೇ ಹೊತ್ಕೊಂಡು ಹೋಯ್ತು."

ಅವನು ಹೇಳಿದ್ದೆಲ್ಲ ಸರಿಯಿರುತ್ತಿತ್ತು ಎಂದಲ್ಲ. ಯಾವ ನಾಯಕನನ್ನು ತಲೆಮೇಲೆ ಹೊತ್ತು ಕುಣಿಯುತ್ತಿದ್ದನೋ, ವರ್ಷ ತುಂಬುವುದರೊಳಗೆ ಅವನಿಗೇ ಹಿಡಿಶಾಪ ಹಾಕುತ್ತಿದ್ದ. ಸಾಂಕ್ರಾಮಿಕ ಶುರುವಾದಾಗ, ಇದೆಲ್ಲ ಔಷಧಿ ಕಂಪನಿಗಳ ಆಟ ಎಂದು ವಾದಿಸಿ, ತನ್ನ ಲಿಫ್ಟಿನಲ್ಲೇ ಹೆಣಗಳು ಇಳಿಯತೊಡಗಿದ ಮೇಲೆ ಬಾಯಿ ಮುಚ್ಚಿದ. ಆದರೆ ಒಂದು ಮಾತನ್ನು ಮಾತ್ರ ಎಂದೂ ಬದಲಿಸಲಿಲ್ಲ.

"ಸರಕಾರಿ ಆಸ್ಪತ್ರೆ ಅಂದ್ರೆ ಊರ ಬಾವಿ ಇದ್ದಂಗೆ. ದೊಡ್ಡೋರು ನೀರು ಸೇದೋದು ಬಿಟ್ಟ ದಿನ ಅದ್ರಲ್ಲಿ ಪಾಚಿ ಕಟ್ಟುತ್ತೆ. ಮಂತ್ರಿಗಳ ಮೊಮ್ಮಗು ಇಲ್ಲಿ ಹುಟ್ಟಬೇಕು. ಆಗ ನೋಡಿ, ಬೆಳಗಾಗೋದ್ರೊಳಗೆ ನಲ್ಲೀಲಿ ನೀರು ಬರುತ್ತೆ."

ಅಂಥವನ ಮಗಳು ಓದು ಮುಗಿಸಿ ಹೋಗಿ ಸೇರಿದ್ದು ಪೇಟೆಯ ಆಚೆ ಬದಿಯ ಗಾಜಿನ ಕಟ್ಟಡದ ಖಾಸಗಿ ಆಸ್ಪತ್ರೆಗೆ, ದಾಖಲಾತಿ ಕೌಂಟರಿಗೆ. ಆ ದಿನ ಮನೆಯಲ್ಲಿ ದೊಡ್ಡ ಜಗಳ.

"ಬಾವಿ ಬಿಟ್ಟು ಬಾಟ್ಲಿ ನೀರು ಮಾರೋಕೆ ಹೋದೆಯಾ?"

"ನಿನ್ನ ಬಾವೀಲಿ ಕೆಲಸ ಖಾಲಿ ಇಲ್ವಲ್ಲಪ್ಪ! ಭಾಷಣದಿಂದ ಮನೆ ನಡೆಯುತ್ತಾ?"

ಅಮ್ಮ ಇಬ್ಬರ ನಡುವೆ ತಟ್ಟೆ ಕುಕ್ಕಿ, "ನಿಮ್ಮಿಬ್ಬರ ಆಸ್ಪತ್ರೆ ಸಹವಾಸಾನೂ ನನಗೆ ಬೇಡ. ನಾನು ನಿಂತ ನಿಂತಲ್ಲೇ ಹೋಗ್ತೀನಿ. ಈಗ ಉಣ್ಣಿ, ಅಡುಗೆ ಆರ್ತಿದೆ" ಎಂದಿದ್ದಳು. ಅಪ್ಪ ನಕ್ಕ, ಮಗಳೂ ನಕ್ಕಳು. ಆಗಿನ ಜಗಳಗಳು ಹಾಗೆ, ಉಣ್ಣುವುದರೊಳಗೆ ಮುಗಿಯುತ್ತಿದ್ದವು.

* * *

ಸ್ಮಶಾನದ ವಿದ್ಯುತ್ ಒಲೆಯಲ್ಲಿ ಇನ್ಯಾರದೋ ಸರದಿ ನಡೆದಿತ್ತು. ಕಾಯುವ ಕೋಣೆಯಲ್ಲಿ ಗೋಡೆಗುಂಟ ಕಬ್ಬಿಣದ ಕುರ್ಚಿಗಳು, ಮೂಲೆಯಲ್ಲೊಂದು ನೀರಿನ ಡ್ರಮ್ಮು. ದೊಡ್ಡಾಸ್ಪತ್ರೆಯ ನಿವೃತ್ತ ನರ್ಸಮ್ಮ ಕಾಲು ನೀವಿಕೊಳ್ಳುತ್ತ ಮಗಳ ಪಕ್ಕದಲ್ಲಿ ಕೂತಿದ್ದಳು. ಎದುರಿಗೆ ಚಿಕ್ಕಪ್ಪ.

"ಮಂತ್ರಿ ಬಂದಿದ್ದ ಕತೆ ಹೇಳಿದ್ನೇನೆ ನಿಮ್ಮಪ್ಪ?" ಎಂದಳು ನರ್ಸಮ್ಮ. "ಹೊಸ ವಾರ್ಡು ಉದ್ಘಾಟನೆ. ಲಿಫ್ಟಿನಲ್ಲಿ ಮಂತ್ರಿ, ಅವನ ಹಿಂಬಾಲಕರು, ಹೂಗುಚ್ಛ ಹಿಡ್ಕೊಂಡು ನಾನು. ಎರಡು ಮಹಡಿ ಮಧ್ಯೆ ಗಕ್ಕಂತ ನಿಂತುಬಿಡ್ತು. ಕರೆಂಟು ಹೋಯ್ತು. ಕತ್ತಲೇಲಿ ನಿಮ್ಮಪ್ಪ ಶುರು ಹಚ್ಕೊಂಡ ನೋಡು! ನಲ್ಲಿ, ಔಷಧಿ, ಹಾಸಿಗೆ, ಎಲ್ಲಾ. ಎಲ್ಲಿಗೆ ಹೋಗ್ತಾನೆ ಮಂತ್ರಿ? ಬೆವರು ಒರೆಸ್ಕೊಂಡು ಹ್ಞೂಂ ಹ್ಞೂಂ ಅಂದ."

"ಅವನೇ ನಿಲ್ಲಿಸಿರ್ತಾನೆ" ಎಂದ ಚಿಕ್ಕಪ್ಪ.

"ಹಾಗಂತ್ಲೇ ಅವನನ್ನ ಸ್ವಲ್ಪ ದಿನ ಬಟ್ಟೆ ಒಗೆಯೋ ವಿಭಾಗಕ್ಕೆ ಹಾಕಿದ್ರು. ಎಷ್ಟು ಕೇಳಿದ್ರೂ ಅವನದೊಂದೇ ಮಾತು: ನಾನು ನಿಲ್ಲಿಸಿಲ್ಲ, ನಿಮ್ಮ ಸರಕಾರ ನಿಲ್ಲಿಸಿದ್ದು."

ಚಿಕ್ಕಪ್ಪ ನಕ್ಕ, ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡ. ಅವನು ಆಳುವ ಪಕ್ಷದವನು. ಅಣ್ಣನ ಜೊತೆ ಹಾವು ಮುಂಗುಸಿ ಹಾಗೆ ಕಿತ್ತಾಡಿದವನು. "ನಿನ್ನೆ ಪಕ್ಷದ ಕಚೇರಿಯಿಂದ ಹೂವಿನ ಚಕ್ರ ಕಳಿಸ್ತೀವಿ ಅಂದ್ರು. ಬೇಡ ಅಂದೆ. ಅವನು ಎದ್ದು ಕೂತು ಜಗಳಕ್ಕೆ ಬಂದ್ರೆ ಯಾರು ಸಮಾಧಾನ ಮಾಡೋದು?"

ಮಗಳಿಗೆ ನಗು ಬರಲಿಲ್ಲ. "ಎಲ್ಲರಿಗೂ ನಗೋಕೆ ಚೆನ್ನಾಗಿದೆ" ಎಂದಳು. "ಆ ಹಟಕ್ಕೆ ಬೆಲೆ ತೆತ್ತಿದ್ದು ಅಮ್ಮ."

ನರ್ಸಮ್ಮ ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

* * *

ಸಾಂಕ್ರಾಮಿಕ ಉಗ್ರವಾಗಿದ್ದ ಆ ದಿನಗಳಲ್ಲಿ ಮಗಳು ಕೌಂಟರಿನಿಂದ ಏಳಲೂ ಆಗುತ್ತಿರಲಿಲ್ಲ. ಮೈತುಂಬ ಪ್ಲಾಸ್ಟಿಕ್ ನಿಲುವಂಗಿ. ಮೊಬೈಲುಗಳೆಲ್ಲ ಕೆಳಗಿನ ಕಪಾಟಿನಲ್ಲಿ. ರೋಗಿಗಳನ್ನು ಗೇಟಿನಲ್ಲೇ ತಡೆದು, ಕಾವಲುಗಾರ ಇಂಟರ್‌ಕಾಮಿನಲ್ಲಿ ಕೇಳುತ್ತಿದ್ದ: "ಮೇಡಂ, ಹಾಸಿಗೆ ಇದೆಯಾ?" ಮೇಲಿನ ಮಹಡಿಯಲ್ಲಿ ಕೆಲವು ಹಾಸಿಗೆಗಳನ್ನು ಖಾಲಿ ಇಟ್ಟಿದ್ದರು. ಅವು ಶಿಫಾರಸಿನವರಿಗೆ, ಫೋನು ಮಾಡಿಸಬಲ್ಲವರಿಗೆ. ಗೇಟಿನಿಂದ ಕೇಳಿದವರಿಗೆಲ್ಲ ಇಲ್ಲ ಎನ್ನಬೇಕೆಂದು ಆಡಳಿತದವರ ಅಪ್ಪಣೆ. ಅವಳು ಅಂದಿದ್ದಳು. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು. ಆಮೇಲೆ ಉಸಿರಾಟದಷ್ಟೇ ರೂಢಿಯಾಯಿತು.

ಒಂದು ಸಂಜೆ ಪಾಳಿ ಮುಗಿಸಿ ಮೊಬೈಲು ತೆಗೆದರೆ ಅಪ್ಪನ ಕರೆಗಳು ಸಾಲಾಗಿದ್ದವು. ತಿರುಗಿ ಕರೆ ಮಾಡಿದಾಗ ಅಪ್ಪ ಮೆಲ್ಲಗೆ, "ಅಮ್ಮ ಹೋದಳು ಕಣಮ್ಮ" ಎಂದ. ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ, ಆಮ್ಲಜನಕದ ಸಿಲಿಂಡರು ಬರುವುದನ್ನು ಕಾಯುತ್ತ, ಅಮ್ಮ ತೀರಿಕೊಂಡಿದ್ದಳು.

"ನಮ್ಮಲ್ಲಿಗೆ ಯಾಕೆ ಕರ್ಕೊಂಡು ಬರಲಿಲ್ಲ?" ಆ ವಾರವೆಲ್ಲ ಅವಳು ಕೇಳಿದ್ದು ಅದೊಂದನ್ನೇ. "ಏನಾದರೂ ಮಾಡ್ತಿದ್ದೆ. ಯಾರ ಕಾಲಾದ್ರೂ ಹಿಡೀತಿದ್ದೆ."

ಅಪ್ಪ ಗೋಡೆ ನೋಡುತ್ತ ಉತ್ತರಿಸಿದ್ದ: "ನನಗೆ ಅಲ್ಲಿಗೆ ಬರಬೇಕು ಅನ್ನಿಸಲಿಲ್ಲ. ನನ್ನ ಹೆಂಡತಿ ನನ್ನ ಆಸ್ಪತ್ರೇಲಿ ಇರಲಿ ಅನ್ನಿಸ್ತು."

"ನಿನ್ನ ರಾಜಕೀಯ ನಮ್ಮಮ್ಮನ್ನ ತಿಂದು ಹಾಕ್ತು" ಎಂದಿದ್ದಳು ಮಗಳು.

ವಾದವೆಂದರೆ ಎದ್ದು ಕೂರುತ್ತಿದ್ದವನು ಆ ಮಾತಿಗೆ ಎದುರಾಡಲಿಲ್ಲ. ಮುಂದೆ ಲಿಫ್ಟಿನಲ್ಲೂ ಮಾತು ನಿಲ್ಲಿಸಿದನೆಂದು ಯಾರೋ ಹೇಳಿದರು. ತಪ್ಪಿತಸ್ಥ ಇನ್ನೇನು ಮಾತಾಡಿಯಾನು ಎಂದುಕೊಂಡಿದ್ದಳು.

* * *

ಅಪ್ಪನನ್ನು ಒಳಗೆ ಕಳಿಸಿದ ಮೇಲೆ ಜನ ಅಂಗಳದಲ್ಲಿ ಚದುರಿದರು. ಬೇಲಿಯ ಬಳಿ ಒಬ್ಬ ನಡುವಯಸ್ಸಿನವನು ಟೋಪಿ ಕೈಯಲ್ಲಿ ಹಿಸುಕುತ್ತ ನಿಂತಿದ್ದ. ದೊಡ್ಡಾಸ್ಪತ್ರೆಯ ಮುಂದಿನ ಸ್ಟ್ಯಾಂಡಿನ ಟ್ಯಾಕ್ಸಿಯವನು. ಅವಳನ್ನು ಕಂಡು ಹತ್ತಿರ ಬಂದ.

"ಲಿಫ್ಟಣ್ಣ ನನಗೆ ಅಣ್ಣನ ಹಾಗೇನೇ ಇದ್ರಮ್ಮ. ನಿಮ್ಮ ತಾಯೀನ ಕರ್ಕೊಂಡು ಓಡಾಡಿದ್ದು ನನ್ನ ಗಾಡೀಲೇ. ಆ ದಿನ ನಿಮ್ಮ ಆಸ್ಪತ್ರೆ ಗೇಟಿನಿಂದ ದೊಡ್ಡಾಸ್ಪತ್ರೆ ತನಕ ಹಾರ್ನು ಒತ್ತಿದ ಕೈ ತೆಗೀಲಿಲ್ಲ ನಾನು."

"ಎಲ್ಲಿಂದ?"

"ನಿಮ್ಮ ಆಸ್ಪತ್ರೆ ಗೇಟಿನಿಂದ" ಎಂದ ಅವನು. ಅವಳ ಮುಖ ನೋಡಿ ತಡವರಿಸಿದ. "ನಿಮಗೆ... ಗೊತ್ತಿಲ್ವಾ?"

"ಹೇಳಿ."

"ಮೊದಲು ಅಲ್ಲಿಗೇ ಹೋಗಿದ್ವಿ. ಹಾಳಾಗಿ ಹೋಗಲಿ ನನ್ನ ಮಾತೆಲ್ಲ, ಇವಳು ಉಳಿದ್ರೆ ಸಾಕು ಅಂದ್ರು ಅಣ್ಣ. ದಾರೀಲೆಲ್ಲ ನಿಮಗೆ ಫೋನು ಹಚ್ಚಿದ್ದೇ ಹಚ್ಚಿದ್ದು. ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ಅಣ್ಣ ಗಾಡಿಯಿಂದ ಇಳಿದು ಕೈ ಮುಗಿದ್ರು. ಅವರು ಇನ್ನೊಬ್ಬರಿಗೆ ಕೈ ಮುಗಿದಿದ್ದು ನಾನು ನೋಡಿದ್ದು ಅದೇ ಮೊದಲು."

"ನನ್ನ ಮಗಳು ಇಲ್ಲೇ ಇದ್ದಾಳೆ ಅಂತ ಹೇಳಲಿಲ್ವಾ?"

"ಹೇಳೋರಿದ್ರು. ಅಷ್ಟರಲ್ಲಿ ಕಾವಲುಗಾರ ಒಳಗೆ ಕೇಳಿದ. ರಿಸೀವರ್ ಮುಟ್ಟೋ ಹಾಗಿರಲಿಲ್ಲವಲ್ಲ ಆಗ, ಸ್ಪೀಕರಿನಲ್ಲೇ ಮಾತು. ಹಾಸಿಗೆ ಇಲ್ಲ, ಬೇರೆ ಕಡೆ ಹೋಗೋಕೆ ಹೇಳಿ ಅಂತ ಬಂತು. ಅಣ್ಣ ಕೇಳಿಸ್ಕೊಂಡು ಹಾಗೇ ನಿಂತ್ರು. ನಾನೇ ಅಂದೆ: ಮಗಳು ಒಳಗಿದ್ದಾಳೆ ಅನ್ನಿ ಅಣ್ಣಾ, ಇನ್ನೊಂದ್ಸಲ ಕೇಳ್ಸೋಣ. ಬೇಡ, ಗಾಡಿ ತಿರುಗಿಸು ಅಂದ್ರು. ಯಾಕೆ ಅಂದೆ. ತಿರುಗಿಸು ಅಂದ್ನಲ್ಲ ಅಂತ ಗದರಿದ್ರು."

ಚಿತಾಗಾರದ ಗೋಡೆಯಾಚೆ ಒಲೆಯ ಮೊರೆತ ಒಂದೇ ಸಮನೆ ಕೇಳುತ್ತಿತ್ತು. ಮಗಳು ಬೇಲಿಯ ತಂತಿ ಹಿಡಿದುಕೊಂಡಳು.

"ಮಾತಾಡಿದ್ದು ಯಾರು?"

"ಯಾವುದೋ ಹೆಂಗಸಿನ ದನಿ. ನನಗೇನು ಗೊತ್ತಾಗುತ್ತಮ್ಮ? ಗರಗರ ಅನ್ನೋ ಪೆಟ್ಟಿಗೆ." ಅವನು ಟೋಪಿ ಹಾಕಿಕೊಂಡ, ಮತ್ತೆ ತೆಗೆದ. "ನಾನು ಹೇಳಬಾರದಿತ್ತೋ ಏನೋ. ಅಣ್ಣ ಹೇಳಿರ್ತಾರೆ ಅಂದ್ಕೊಂಡಿದ್ದೆ."

ಆ ದಿನದ ಕರೆಗಳನ್ನು ಅವಳು ನೆನಪಿಸಿಕೊಳ್ಳಲು ಹೆಣಗಿದಳು. ಒಂದೂ ನೆನಪಿಗೆ ಬರಲಿಲ್ಲ. ಆ ಪಾಳಿಯಲ್ಲಿ ಅವಳೂ ಇದ್ದಳು, ಪಕ್ಕದ ಹುಡುಗಿಯೂ ಇದ್ದಳು. ಕೈಗೆ ಸಿಕ್ಕವರು ಉತ್ತರಿಸುತ್ತಿದ್ದರು. ಎಲ್ಲ ಕರೆಗೂ ಒಂದೇ ಪ್ರಶ್ನೆ, ಒಂದೇ ಉತ್ತರ. ಹೆಸರು ಕೇಳುವ ಪದ್ಧತಿಯೇ ಇರಲಿಲ್ಲ. ಗರಗರ ಅನ್ನುವ ಪೆಟ್ಟಿಗೆ ಎಂದನಲ್ಲ. ಅಪ್ಪನಿಗೂ ದನಿ ತಿಳಿದಿರಲಿಕ್ಕಿಲ್ಲ. ಪಕ್ಕದವಳದೇ ಇದ್ದೀತು. ಅಪ್ಪ ರೋಸಿಹೋಗಿ ತಿರುಗಿದ್ದಾನು, ಅಷ್ಟೇ. ಹಾಗಿದ್ದರೆ ಮಗಳಿಗೆ ಹೇಳಲು ಏನು ಅಡ್ಡಿ? ಬೈಯಲು ಅಷ್ಟು ಚೆನ್ನಾದ ಅವಕಾಶವನ್ನು ಅಪ್ಪ ಬಿಡುವವನೇ? ಬೈಯಲಿಲ್ಲ. ನನಗೆ ಅನ್ನಿಸಲಿಲ್ಲ ಎಂದು ಗೋಡೆ ನೋಡಿದ. ವರ್ಷಗಟ್ಟಲೆ ಅವಳ ಮೌನದ ಎದುರು ಕೂತು ಉಂಡ.

"ಮುಗೀತು, ಬಾಮ್ಮ" ಎಂದು ಚಿಕ್ಕಪ್ಪ ಕರೆದ. ಅವನಿಗೆ ಬೂದಿಯ ಪಾತ್ರೆ ಹಿಡಿದುಕೊಳ್ಳಲು ಹೇಳಿ ಅವಳು ಟ್ಯಾಕ್ಸಿಯವನತ್ತ ತಿರುಗಿದಳು.

"ನನ್ನನ್ನ ಆಸ್ಪತ್ರೆ ಹತ್ರ ಬಿಡ್ತೀರಾ?"

"ಈಗಲೇ? ಕೆಲಸಕ್ಕಾ?"

"ಅಲ್ಲ. ಗೇಟಿನ ಹತ್ರ ಅಷ್ಟೇ."

* * *

ಅವಳು ಎಂದೂ ಆ ಗೇಟಿನಿಂದ ಒಳಗೆ ಹೋದವಳಲ್ಲ. ಸಿಬ್ಬಂದಿಗೆ ಹಿಂದಿನ ಬಾಗಿಲು. ಮುಂದುಗಡೆಯಿಂದ ಕಟ್ಟಡ ಬೇರೆಯೇ ಕಾಣುತ್ತಿತ್ತು. ಗಾಜಿನಲ್ಲಿ ಮೋಡಗಳು ಹರಿಯುತ್ತಿದ್ದವು, ಒಳಗಿನದೇನೂ ಕಾಣುತ್ತಿರಲಿಲ್ಲ.

ಟ್ಯಾಕ್ಸಿಯವನು ರಸ್ತೆಯ ಎದುರು ಬದಿಗೆ ಗಾಡಿ ನಿಲ್ಲಿಸಿ, "ಇಲ್ಲೇ ನಿಲ್ಲಿಸಿದ್ದೆ ಅವತ್ತು. ಪೆಟ್ಟಿಗೇನೂ ಅದೇ" ಎಂದ. ಅವಳು ಇಳಿದು ರಸ್ತೆ ದಾಟಲು ನಿಂತಳು.

ಗೇಟಿನ ಮುಂದೆ ಒಂದು ಹಳೆಯ ವ್ಯಾನು ನಿಂತಿತ್ತು. ಬನಿಯನ್ ತೊಟ್ಟ ಗಂಡಸೊಬ್ಬ ಕಾವಲುಗಾರನ ಕಿಟಕಿಗೆ ಬಾಗಿ ಏನೋ ಬೇಡುತ್ತಿದ್ದ. ವ್ಯಾನಿನೊಳಗೆ ಒಬ್ಬ ಮುದುಕಿ, ಯಾರದೋ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಕಾವಲುಗಾರ ಕೈಯೆತ್ತಿ ತಾಳು ಎಂದು ಸನ್ನೆ ಮಾಡಿ ಗುಂಡಿ ಒತ್ತಿದ.

ಬಸ್ಸೊಂದು ಹಾದುಹೋಯಿತು. ಅದರ ಸದ್ದಡಗಿದ ಮೇಲೆ ಪೆಟ್ಟಿಗೆಯೊಳಗಿನಿಂದ ದನಿ ಬಂತು. ಸ್ವಲ್ಪವೂ ಗರಗರ ಇರಲಿಲ್ಲ. ರಸ್ತೆಯ ಈಚೆ ಬದಿಗೂ, ಪಕ್ಕದ ಕುರ್ಚಿಯ ಹುಡುಗಿಯ ದನಿ, ಅವಳ ಸಣ್ಣ ನೆಗಡಿಯ ಸಮೇತ, ಕಿವಿಯ ಬಳಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸಿತು.