ಅಳತೆ ಜಂಪರು

ಅಜಯಕುಮಾರ ಸೊಲ್ಲಾಪುರದಿಂದ ಆ ಡಬ್ಬಿಯನ್ನು ಕಾರಿಗೆ ಕಟ್ಟಿಕೊಂಡು ತಂದ ದಿನ, ಅಫಜಲಪುರದ ನಮ್ಮ ಗಲ್ಲಿಯ ಅರ್ಧ ಮಂದಿ ಅದನ್ನು ಕುರಿ ಸಾಗಿಸುವ ಗಾಡಿ ಎಂದುಕೊಂಡರು. ಎರಡು ಗಾಲಿಯ ಮೇಲೆ ಸೊಂಟದೆತ್ತರದ ತಗಡಿನ ಪೆಟ್ಟಿಗೆ. ಆತ ಪಕ್ಕದ ತೂತಿಗೆ ಒಂದು ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದಾಗ ಮುಚ್ಚಳದಂತಿದ್ದ ಛತ್ತು ಮೇಲೆದ್ದಿತು, ಎರಡೂ ಬದಿಗೆ ಮಲಗುವ ಹಲಗೆಗಳು ಹೊರಬಂದವು, ಅವುಗಳ ಮೇಲೆ ತಾಡಪತ್ರಿಯ ಡೇರೆ ಬಿಚ್ಚಿಕೊಂಡಿತು. ಮಡಚಿ ಒಯ್ಯುವ ಮನೆ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಇಂಥ ಹುಚ್ಚು ಹಿಡಿಯಬಾರದೆಂದು ಕಾನೂನೇನೂ ಇಲ್ಲ.

ಈ ಸಲ ದಸರೆಗೆ ಇದರಲ್ಲೇ, ಬೌದ್ಧರು ಲಕ್ಷಗಟ್ಟಲೆ ಸೇರುವ ನಾಗಪುರದ ದೀಕ್ಷಾಭೂಮಿಗೆ ಹೋಗುವುದೆಂದು ಆತನೂ ಹೆಂಡತಿ ರಾಧಿಕಾಳೂ ಗಲ್ಲಿಗೆಲ್ಲ ಸಾರಿದರು. ಆ ಮಾತು ಕೇಳಿ ಅಜಯಕುಮಾರನ ಅಕ್ಕ ಮಹಾನಂದಾಳ ಮುಖ ಅರಳಿದ್ದನ್ನು ನಾನು ಎದುರಿನ ನನ್ನ ಹೊಲಿಗೆ ಅಂಗಡಿಯಿಂದಲೇ ಕಂಡೆ. ಗಂಡ ಸತ್ತ ಮೇಲೆ ಹವಳಗಾದ ಫ್ಯಾಕ್ಟರಿಗೆ ಕಬ್ಬು ಕಡಿದು ಈ ತಮ್ಮನನ್ನು ಓದಿಸಿದವಳು ಆಕೆ. ಮೊಳಕಾಲು ಆ ಕಬ್ಬಿನಲ್ಲೇ ಸವೆದು ಹೋದವು. ಬುದ್ಧಿ ಬಂದಾಗಿನಿಂದ ನಾಗಪುರ ನೋಡಬೇಕು ಎನ್ನುತ್ತ ಬಂದವಳು. ಓಣಿಯ ಮಂದಿಯೆಲ್ಲ ರೈಲು, ಲಾರಿ ಹತ್ತಿ ಹೋಗಿಬಂದರೂ ಆಕೆಗೆ ಮಾತ್ರ ಪ್ರತಿ ವರ್ಷ ಏನಾದರೊಂದು ಅಡ್ಡ ಬರುತ್ತಿತ್ತು. ಈಗೀಗ ಕುಳಿತಲ್ಲಿಂದ ಏಳುವುದೇ ಕಷ್ಟ, ಇನ್ನು ಲಾರಿ ಹತ್ತುವುದು ದೂರದ ಮಾತು.

ರಾಧಿಕಾ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪೆಟ್ಟಿಗೆಯ ಒಳಗನ್ನು ಬದಲಿಸತೊಡಗಿದಳು. ಒಂದು ಬದಿಯ ಹಾಸಿಗೆ ಗಂಡ ಹೆಂಡತಿಗೆ. ಇನ್ನೊಂದು ಬದಿಯನ್ನು ಸೀಳಿ ಅರ್ಧ ಕಪಾಟು, ಅರ್ಧ ಒಬ್ಬರು ಮಲಗುವಷ್ಟು ಹಾಸಿಗೆ. ಅದರ ಕೆಳಗೆ ಪಾತ್ರೆಗಳ ಖಾನೆ, ಎಳೆದರೆ ಹೊರಬರುವ ಹಲಗೆಯ ಮೇಲೆ ಗ್ಯಾಸಿನ ಒಲೆ. ಡೇರೆಯ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲವಲ್ಲ, ಅದಕ್ಕೆ ಬಟ್ಟೆಯ ಜೇಬುಗಳು ಬೇಕಾದವು. ಚಮಚಕ್ಕೊಂದು, ಟಾರ್ಚಿಗೊಂದು, ಚಪ್ಪಲಿಗೊಂದು ಎಂದು ನಾನು ಹೊಲಿದು ಕೊಟ್ಟೆ.

ಒಬ್ಬರ ಹಾಸಿಗೆ ಕತ್ತರಿಸುವ ದಿನ ರಾಧಿಕಾ ಮನೆಯೊಳಗೆ ಮುಖ ಮಾಡಿ ಕರೆದಳು. "ಅಕ್ಕಾರ, ಇಲ್ಲಿ ಬಂದು ಜರಾ ಮಲಗ್ರಿ."

ಮಹಾನಂದಕ್ಕ ಬಂದು ಹಲಗೆಯ ಮೇಲೆ ಮಲಗಿದಳು. ಬಡಿಗ ತಲೆಯ ಹತ್ತಿರ ಒಂದು, ಕಾಲಿನ ಹತ್ತಿರ ಒಂದು ಗೆರೆ ಎಳೆದ. ಆ ಸಂಜೆಯೇ ಆಕೆ ಬಿಳಿ ಬಟ್ಟೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಜೊತೆಗೆ ಬಣ್ಣ ಹೋದ ಹಳೆಯದೊಂದು ಜಂಪರು, ಸೀರೆಯ ಜೊತೆ ತೊಡುವ ರವಿಕೆ. ನಮ್ಮ ಕಡೆ ಹೆಂಗಸರು ಟೇಪು ಹಿಡಿಸಿಕೊಳ್ಳುವುದಿಲ್ಲ. ಸರಿಯಾಗಿ ಕೂಡುವ ಹಳೆಯ ಜಂಪರು ತಂದು ಕೊಡುತ್ತಾರೆ, ಅದನ್ನು ನೋಡಿ ಹೊಸದು ಹೊಲಿಯಬೇಕು. ಹೊಸದು ಊರು ತಿರುಗಲು ಹೋಗುತ್ತದೆ, ಅಳತೆಯದು ಮತ್ತೆ ಮನೆಯ ಗೂಟಕ್ಕೆ ಹೋಗುತ್ತದೆ.

"ನಜಮಾ, ದೀಕ್ಷಾಭೂಮಿಗೆ ಬಿಳೀದs ಉಟ್ಕೊಂಡ್ ಹೋಗ್ಬೇಕು. ಚಂದ ಹೊಲಿ," ಎಂದಳು.

"ನಿನ್ನ ಕರಕೊಂಡ್ ಹೋಗ್ತೇವಂತ ಅಂದಾರೇನಕ್ಕ?"

"ನನ್ನ ಅಳತಿ ತಗೊಂಡಾರಲ್ಲ. ಮತ್ತ ಬಾಯಿಲೆ ಅನ್ಬೇಕೇನು?"

ನನಗೂ ಅದು ಸರಿ ಅನ್ನಿಸಿತು. ಅಲ್ಲಿಂದ ಮುಂದೆ ರಾಧಿಕಾ ಕೇಳಿದ್ದೆಲ್ಲ ಹಾಗೇ ಇತ್ತು. ಹತ್ತುವಾಗ ಎಲ್ಲಿ ನೋಯುತ್ತದೆ? ಮಹಾನಂದಕ್ಕ ತೋರಿಸಿದಳು, ಅಲ್ಲಿ ಒಂದು ತಗ್ಗಿನ ಮೆಟ್ಟಿಲು ಬಂತು. ಹಿಡಿದು ಏಳಲು ಏನು ಬೇಕು? ತಲೆಯ ಬದಿಗೆ ಕಬ್ಬಿಣದ ಹಿಡಿ ಬಂತು. ಮೊಳಕಾಲಿನ ಕೆಳಗೆ ಇಡಲು ಸಣ್ಣ ದಿಂಬು, ನೋವಿನ ಎಣ್ಣೆಯ ಶೀಶೆಗೆ ಕೈಗೆಟುಕುವ ಜೇಬು, ಎರಡನ್ನೂ ನಾನೇ ಹೊಲಿದೆ. ಇಷ್ಟು ಮರ್ಯಾದೆ ಆ ಮನೆಯಲ್ಲಿ ಆಕೆಗೆ ಎಂದೂ ಸಿಕ್ಕಿರಲಿಲ್ಲ. ಆಕೆ ದಿನಕ್ಕೊಮ್ಮೆ ಹೋಗಿ ಮಲಗಿ ಎದ್ದು ಬರುತ್ತಿದ್ದಳು.

ಆ ಹ್ಯಾಂಡಲ್ಲಿನದೂ ಒಂದು ಕತೆ. ನಾಲ್ಕು ಮೂಲೆಯ ಬಾಯಿ ಅದಕ್ಕೆ, ಅಂಥದು ಇಲ್ಲೆಲ್ಲೂ ಸಿಗುವುದಿಲ್ಲ. ಅದಿಲ್ಲದೆ ಛತ್ತು ಏಳುವುದಿಲ್ಲ. ಅಜಯಕುಮಾರ ಎರಡು ಸಲ ಅದನ್ನು ಎಲ್ಲೋ ಇಟ್ಟು ಮರೆತ. ಕೊನೆಗೆ ಅಕ್ಕನ ಕೈಗೆ ಕೊಟ್ಟ. "ಇದು ನಿನ್ನ ಸಂಚ್ಯಾಗ ಇರ್ಲಿ ಅಕ್ಕಾ. ನಿನ್ನ ಹತ್ರ ಇದ್ರ ಕಳಿಯಂಗಿಲ್ಲ." ಮಹಾನಂದಕ್ಕನ ಕೈಚೀಲದೊಳಗೆ ಅದಕ್ಕಾಗಿಯೇ ಉದ್ದನೆಯ ಜೇಬು ಹಚ್ಚಿಕೊಟ್ಟೆ. ಮಡಚುವುದೂ ಬಿಚ್ಚುವುದೂ ಆಕೆಯ ಕೆಲಸವೇ ಆಯಿತು.

ಹೊರಡುವ ಬೆಳಿಗ್ಗೆ ಬೀಳ್ಕೊಡಲು ನಾನೂ ಹೋಗಿ ನಿಂತೆ. ಸಾಮಾನು ತುಂಬಲು ಡೇರೆ ಬಿಚ್ಚಿಟ್ಟಿದ್ದರು. ಮಹಾನಂದಕ್ಕ ಬಿಳಿ ಸೀರೆ ಉಟ್ಟು, ಬಿಳಿ ಜಂಪರು ತೊಟ್ಟು, ತನ್ನ ಕೈಚೀಲವನ್ನು ಕಾರಿನ ಹಿಂದಿನ ಸೀಟಿನ ಮೇಲೆ ಇಟ್ಟಿದ್ದಳು. ಅಷ್ಟರಲ್ಲಿ ಆಟೋ ಬಂತು. ಇಳಿದವಳು ಜೇವರ್ಗಿಯಲ್ಲಿರುವ ರಾಧಿಕಾಳ ಅಕ್ಕ ಸುಮಂಗಲಾ, ನರ್ಸ್ ಆಗಿ ರಿಟೈರ್ ಆದವಳು. ಆಕೆಯೂ ಕುಂಟುತ್ತಲೇ ಬಂದಳು. ರಾಧಿಕಾ ಓಡಿಹೋಗಿ ಅಕ್ಕನ ಕಣ್ಣು ಮುಚ್ಚಿ, ಕೈ ಹಿಡಿದು ಡೇರೆಯ ಮುಂದೆ ತಂದು ನಿಲ್ಲಿಸಿದಳು.

"ಈಗ ಕಣ್ ತಗಿ ಸುಮಕ್ಕ. ಇದು ನಿನ್ನ ಹಾಸ್ಗಿ."

ಮಹಾನಂದಕ್ಕ ನಕ್ಕಳು. ಆಕೆಗೆ ಇನ್ನೂ ತಿಳಿದಿರಲಿಲ್ಲ. "ಮತ್ತ ನಾ ಎಲ್ಲಿ ಮಲಗಲಿ?" ಎಂದು ಕೇಳಿದಳು.

"ನೀವು ಮನ್ಯಾಗ ಮಲಗ್ರಿ ಅಕ್ಕಾರ. ನೀವೂ ಬಂದ್ರ ಮನಿ ಯಾರು ನೋಡ್ಬೇಕು? ಸುಮಕ್ಕಂದೂ ನಿಮ್ದೂ ಒಂದs ಎತ್ತರ, ಒಂದs ಥರಾ ಮೊಳಕಾಲು. ಆಕೀಗೆ ಮೊದ್ಲs ಗೊತ್ತಾಗಬಾರ್ದಂತ ನಿಮ್ಮ ಅಳತಿ ತಗೊಂಡೇವಿ."

ಮಹಾನಂದಕ್ಕ ತಮ್ಮನ ಕಡೆ ತಿರುಗಿ "ಅಜಯಾ" ಎಂದಳು. ಆತ ಬಗ್ಗಿ ಗಾಲಿಯ ಗಾಳಿ ನೋಡುತ್ತಿದ್ದ. "ಮುಂದಿನ ವರ್ಷ ಹೋಗೋಣಂತ ಅಕ್ಕಾ," ಎಂದ, ಗಾಲಿಗೆ.

ನನ್ನ ಮೈ ಉರಿಯಿತು. ಜೀವಂತ ಹೆಂಗಸನ್ನು ಅಳತೆ ಜಂಪರು ಮಾಡಿ, ಹೊಲಿಗೆ ಮುಗಿದ ಮೇಲೆ ಗೂಟಕ್ಕೆ ತೂಗುಹಾಕುತ್ತಿದ್ದಾರೆ. "ಬಾಯಿಲೆ ಒಂದ್ ಮಾತ್ ಹೇಳಾಕ ನಿಮಗೇನಾಗಿತ್ತು?" ಎಂದೆ. ಮಹಾನಂದಕ್ಕ ನನ್ನ ಕೈ ಒತ್ತಿ ಹಿಡಿದಳು. "ಸುಮ್ನಿರು ನಜಮಾ."

ರಾಧಿಕಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ಅಕ್ಕಾರ, ಹೆಂಗ ಹತ್ತೋದಂತ ಸುಮಕ್ಕಗ ಒಂದ್ಸಲ ತೋರಸ್ರಿ," ಎಂದಳು. ಮಹಾನಂದಕ್ಕ ತೋರಿಸಿದಳು. ಮೊದಲು ಬೆನ್ನು ತಿರುಗಿಸಿ ಕೂಡಬೇಕು, ಹಿಡಿ ಹಿಡಿಯಬೇಕು, ಆಮೇಲೆ ಎಡಗಾಲನ್ನು ಕೈಯಿಂದ ಎತ್ತಿಕೊಳ್ಳಬೇಕು. ತೋರಿಸಿ ಕೆಳಗಿಳಿದಳು. ಸುಮಂಗಲಾ ಹತ್ತಿ ಮಲಗಿ, "ಭಾಳ ಆರಾಮ ಅದ ನೋಡು," ಎಂದಳು. ಜೇಬಿನಲ್ಲಿದ್ದ ಎಣ್ಣೆಯ ಶೀಶೆಯನ್ನು ಮಹಾನಂದಕ್ಕ ತೆಗೆಯಹೋದಾಗ ರಾಧಿಕಾ ತಡೆದಳು. "ಇರ್ಲಿ ಬಿಡ್ರಿ, ಸುಮಕ್ಕಗ ಬೇಕಾಗ್ತದ."

ಅಲ್ಲಿಗೂ ನಿಲ್ಲಲಿಲ್ಲ. ಸುಮಂಗಲಾ ತನ್ನ ಬಿಳಿ ಸೀರೆಯನ್ನು ಜೇವರ್ಗಿಯಲ್ಲೇ ಮರೆತು ಬಂದಿದ್ದಳು. ರಾಧಿಕಾ ಮಹಾನಂದಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ಮನ್ಯಾಗ ಕುಂತು ಬಿಳೀದು ಯಾಕ ಉಡ್ತೀರಿ? ಸುಮಕ್ಕಗ ಕೊಡ್ರಲ್ಲ. ಜಂಪರೂ ಬರೋಬ್ಬರಿ ಆಗ್ತದ."

ಇಷ್ಟು ನಾಚಿಕೆಗೆಟ್ಟ ಮಾತನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಸುಮಂಗಲಾ ಬೇಡ ಎನ್ನುತ್ತಾಳೇನೋ ಎಂದು ನೋಡಿದೆ. ಆಕೆ ಸೆರಗಿನ ಅಂಚು ಮುಟ್ಟಿ ನೋಡುತ್ತಿದ್ದಳು. ಮಹಾನಂದಕ್ಕ ಒಳಗೆ ಹೋದಳು. ಹಳೆಯ ಸೀರೆಯಲ್ಲಿ ಹೊರಗೆ ಬಂದಾಗ, ಬಿಳಿ ಸೀರೆಯೂ ನಾನು ಎರಡು ಸಂಜೆ ಕುಳಿತು ಹೊಲಿದ ಜಂಪರೂ ಮಡಿಕೆಯಾಗಿ ಆಕೆಯ ಅಂಗೈ ಮೇಲೆ ಇದ್ದವು. ಸುಮಂಗಲಾ ಉಟ್ಟುಕೊಂಡು ಬಂದಳು. ಬರೋಬ್ಬರಿ ಆಗಿತ್ತು. ನನ್ನ ಕೈಗೆ ಹುಳ ಬೀಳಲಿ ಅನ್ನಿಸಿತು.

ಪೆಟ್ಟಿಗೆ ಮಡಚಬೇಕಾಗಿತ್ತು. ಬೇರೆ ಯಾರಿಗೂ ಅದು ಸರಿಯಾಗಿ ಬಾರದು, ಹೀಗಾಗಿ ಮಹಾನಂದಕ್ಕನೇ ಹ್ಯಾಂಡಲ್ ತಿರುಗಿಸಿ ಛತ್ತು ಇಳಿಸಿದಳು, ಚಿಲಕ ಹಾಕಿದಳು. ಎಂದಿನಂತೆ ಹ್ಯಾಂಡಲನ್ನು ಕಾರಿನ ಸೀಟಿನ ಮೇಲಿದ್ದ ತನ್ನ ಕೈಚೀಲದ ಜೇಬಿಗೆ ಇಳಿಸಿದಳು.

ಅಜಯಕುಮಾರ ಸ್ಟಿಯರಿಂಗ್ ಹಿಡಿದು ಕೂತಲ್ಲಿಂದಲೇ ಕೇಳಿದ. "ಹ್ಯಾಂಡಲ್ ಸಂಚ್ಯಾಗ ಇಟ್ಟೀ ಅಕ್ಕಾ?"

"ಇಟ್ಟೇನಿ."

ಸುಮಂಗಲಾಳಿಗೆ ಕಾಲು ಚಾಚಲು ಜಾಗ ಮಾಡುತ್ತ ರಾಧಿಕಾ ಆ ಕೈಚೀಲವನ್ನು ಎತ್ತಿ ಕಿಟಕಿಯಿಂದ ಹೊರಗೆ ಚಾಚಿದಳು. "ನಿಮ್ಮ ಸಂಚಿ ತಗೋರಿ ಅಕ್ಕಾರ, ನಡುವ ಅಡ್ಡ ಆಗ್ತದ."

ಮಹಾನಂದಕ್ಕ ತೆಗೆದುಕೊಂಡಳು. ಕಾರು ಹೊರಟಿತು. ಅದು ಗಲ್ಲಿಯ ಮೂಲೆ ತಿರುಗುವಾಗ ಆಕೆ ಚೀಲವನ್ನು ಒಮ್ಮೆ ಮೇಲೆ ಕೆಳಗೆ ಮಾಡಿ ಭಾರ ನೋಡಿದಳು. ಹ್ಯಾಂಡಲ್ ಅದರೊಳಗೇ ಉಳಿದದ್ದು ಆಗ ನನಗೂ ಹೊಳೆಯಿತು.

"ಫೋನ್ ಮಾಡಕ್ಕ. ಇನ್ನೂ ಊರು ದಾಟಿಲ್ಲ," ಎಂದೆ. ಇಷ್ಟೆಲ್ಲ ಕಂಡ ಮೇಲೂ ಹಾಗೆ ಅಂದೆ, ಬಾಯಿಯ ಚಾಳಿ.

"ಅವರು ಬಾಯಿ ಬಿಟ್ಟು ಕೇಳ್ಲಿ," ಎಂದು ಆಕೆ ಒಳಗೆ ಹೋದಳು.

ಮೊದಲ ದಿನ ಅವರು ನಾಂದೇಡದಲ್ಲಿ ನೆಂಟರ ಮನೆಯಲ್ಲಿ ಉಳಿದರು, ಪೆಟ್ಟಿಗೆ ತೆರೆಯುವ ಪ್ರಸಂಗ ಬರಲಿಲ್ಲ. ಮರುದಿನ ಸಂಜೆ ಮಹಾನಂದಕ್ಕ ನನ್ನ ಅಂಗಡಿಯಲ್ಲಿ ಕುಳಿತಿದ್ದಾಗ ಫೋನು ಬಂತು. ಸ್ಪೀಕರ್ ಹಾಕಿದಳು. ಹಿಂದೆ ಲಕ್ಷಗಟ್ಟಲೆ ಜನರ ಗದ್ದಲ, ಭೀಮ ಗೀತೆ.

"ಅಕ್ಕಾರ, ಹ್ಯಾಂಡಲ್ ಎಲ್ಲಿ ಇಟ್ಟೀರಿ? ಎಲ್ಲಾ ಹುಡುಕಾಕತ್ತೇವಿ."

"ಸಂಚ್ಯಾಗ ಅದ. ನೀನs ತಗದು ಕೊಟ್ಟಿ."

ರಾಧಿಕಾಳಿಗೆ ಅಳು ಬಂತು. ಹಾಸಿಗೆ, ಅನ್ನ, ಗುಳಿಗೆ, ಚಾದರ ಎಲ್ಲವೂ ಪೆಟ್ಟಿಗೆಯೊಳಗೇ ಇವೆ. ಲಾಡ್ಜುಗಳೆಲ್ಲ ತುಂಬಿವೆ, ಹಬ್ಬಕ್ಕೆ ಗ್ಯಾರೇಜುಗಳು ಮುಚ್ಚಿವೆ. ಸುಮಕ್ಕನ ಮೊಳಕಾಲು ಬಾತಿವೆ, ಕೂಡಲೂ ಆಗದು ನಿಲ್ಲಲೂ ಆಗದು. "ಈಗ ನಾವು ಎಲ್ಲಿ ಮಲಗೋಣ, ಹೇಳ್ರಿ," ಎಂದಳು.

ಮಹಾನಂದಕ್ಕ ಫೋನನ್ನು ಬಾಯಿಯ ಹತ್ತಿರ ತಂದುಕೊಂಡಳು. ನನ್ನ ಅಂಗಡಿಯ ಗೂಟದಲ್ಲೇ ಉಳಿದಿದ್ದ ತನ್ನ ಹಳೆಯ ಅಳತೆ ಜಂಪರನ್ನು ಆಗಲೇ ಇಳಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಮಂದಿ ಎಲ್ಲಾ ನೆಲದ ಮ್ಯಾಲ ಮಲಗಿರ್ತಾರ, ನೀವೂ ಮಲಗ್ರಿ. ಸುಮಂಗಲಾಗ ಒಂದು ಮಾತು ಹೇಳು, ಬಿಳಿ ಸೀರಿ ಹೊಲಸು ಮಾಡಬ್ಯಾಡಂತ. ಅದು ನಂದು."